ಊತ ಇಳಿದರೂ ಕಾಲು ಮತ್ತೆ ಯಾಕೆ ಹೊರಳುತ್ತದೆ?

ಪ್ರಶ್ನೆ: ಮೇಡಂ, ನಾನು ಮಂಡ್ಯ ಹತ್ತಿರದ ಹಳ್ಳಿಯವನು, ವಯಸ್ಸು 36. ಕಬ್ಬಿನ ಗದ್ದೆ ಇದೆ, ಜೊತೆಗೆ ಆಲೆಮನೆ ಕೆಲಸ. ಆರು ವಾರದ ಹಿಂದೆ ಕಬ್ಬಿನ ಹೊರೆ ಹೊತ್ತುಕೊಂಡು ಬದುವಿನಿಂದ ಇಳಿಯುವಾಗ ಎಡಗಾಲು ಒಳಕ್ಕೆ ಹೊರಳಿತು. ಚಪ್ಪಲಿ ಹಿಡಿಸದಷ್ಟು ಊದಿತು, ಮಾರನೇ ದಿನ ಹೊರಗಡೆ ಎಲ್ಲ ಕಪ್ಪುನೀಲಿ. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿಲ್ಲ, ಲಿಗಮೆಂಟ್ ಸ್ಪ್ರೈನ್ ಅಂದರು. ಕ್ರೇಪ್ ಬ್ಯಾಂಡೇಜ್ ಕಟ್ಟಿ ಮಾತ್ರೆ ಕೊಟ್ಟರು. ಮೂರು ವಾರ ಕಾಲು ಊರಲೇ ಇಲ್ಲ. ಎರಡು ಸಲ ಉಳುಕು ತೆಗೆಸಿದೆ. ಆಮೇಲೆ ಹತ್ತು ದಿನ ಫಿಸಿಯೋಥೆರಪಿಗೆ ಹೋಗಿ ಕರೆಂಟ್ ಕೊಡಿಸಿಕೊಂಡೆ. ನೋವು ಹೆಚ್ಚುಕಮ್ಮಿ ಹೋಗಿತ್ತು. ಹೋದ ವಾರ ಗದ್ದೆಗೆ ಇಳಿದೆ, ಬರಿಗೈಲಿ ನಡೆಯುತ್ತಿದ್ದರೂ ಅದೇ ಕಾಲು ಮತ್ತೆ ಹೊರಳಿತು. ಈಗ ಸಂಜೆಯಾದರೆ ಊತ, ಬೆಳಿಗ್ಗೆ ಎದ್ದಾಗ ಬಿಗಿತ. ಎಂಆರ್‌ಐ ಮಾಡಿಸಬೇಕಾ? ಮತ್ತೆ ಉಳುಕು ತೆಗೆಸಲಾ? ಬೈಂಡರ್ ಹಾಕಿದರೆ ಅದೇ ಅಭ್ಯಾಸ ಆಗಿಬಿಡುತ್ತದೆ ಅನ್ನುತ್ತಾರೆ, ನಿಜವಾ? ಹೊರೆ ಯಾವಾಗ ಹೊರಬಹುದು? ಮುಂದಿನ ತಿಂಗಳು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಬೇರೆ ಇದೆ.

ಉತ್ತರ: ನೋಡಿ ಅಣ್ಣ, ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಚಿಕಿತ್ಸೆ ತಪ್ಪಿಲ್ಲ, ಅರ್ಧಕ್ಕೆ ನಿಂತಿದೆ. ನೋವು ಕಮ್ಮಿ ಮಾಡುವ ಭಾಗ ಮುಗಿದಿದೆ, ಕಾಲನ್ನು ಕೆಲಸಕ್ಕೆ ತಯಾರು ಮಾಡುವ ಭಾಗ ಶುರುವೇ ಆಗಿಲ್ಲ. ಆರು ವಾರದಲ್ಲಿ ಆ ಕಾಲಿಗೆ ಒಂದು ದಿನವೂ ವ್ಯಾಯಾಮ ಆದ ಹಾಗೆ ಕಾಣುತ್ತಿಲ್ಲ. ಹಾಗಿರುವಾಗ ಅದು ಬದು ಮೇಲೆ ಹೊರಳದೇ ಇದ್ದಿದ್ದರೇ ಆಶ್ಚರ್ಯ.

ಒಳಗೆ ಏನಾಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಅದು ಗೊತ್ತಾದರೆ ಮುಂದಿನದ್ದು ಯಾಕೆ ಮಾಡಬೇಕು ಅನ್ನುವುದು ತಾನೇ ಅರ್ಥವಾಗುತ್ತದೆ. ಪಾದದ ಕೀಲಿನ ಹೊರಬದಿಯಲ್ಲಿ ಮೂರು ಲಿಗಮೆಂಟ್ ಇವೆ, ಅಂದರೆ ಮೂಳೆಯನ್ನು ಮೂಳೆಗೆ ಕಟ್ಟಿ ಹಿಡಿಯುವ ನಾರಿನ ಪಟ್ಟಿಗಳು. ಹೊರಗಡೆ ಉಬ್ಬಿಕೊಂಡು ಕಾಣುವ ಮೂಳೆ ಇದೆಯಲ್ಲ, ಅಲ್ಲಿಂದ ಹೊರಟು ಒಂದು ಮುಂದಕ್ಕೆ, ಒಂದು ಕೆಳಕ್ಕೆ ಹಿಮ್ಮಡಿ ಮೂಳೆಗೆ, ಇನ್ನೊಂದು ಹಿಂದಕ್ಕೆ ಹೋಗುತ್ತದೆ. ಮುಂದಿನದು ಎಲ್ಲಕ್ಕಿಂತ ಬಡವ. ಹತ್ತು ಜನ ಕಾಲು ಹೊರಳಿಸಿಕೊಂಡು ಬಂದರೆ ಹೆಚ್ಚಿನವರಲ್ಲಿ ಪೆಟ್ಟು ಬಿದ್ದಿರುವುದು ಇದಕ್ಕೇ. ಒಳಬದಿಯ ಲಿಗಮೆಂಟ್ ಅಗಲವಾಗಿ, ಗಟ್ಟಿಯಾಗಿ ಇರುತ್ತದೆ. ಹೊರಗಿನ ಮೂಳೆ ಒಳಗಿನದಕ್ಕಿಂತ ಕೆಳಗಿನವರೆಗೂ ಇಳಿದು ಆ ಕಡೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಪಾದ ಹೊರಕ್ಕೆ ಮಗುಚುವುದು ಕಷ್ಟ, ಒಳಕ್ಕೆ ಮಗುಚುವುದು ಸುಲಭ.

ಇಳಿಯುವಾಗಲೇ ಯಾಕೆ ಆಗುತ್ತದೆ ಅನ್ನುವುದಕ್ಕೂ ಕಾರಣ ಇದೆ. ಕಾಲಿನ ಎರಡು ಮೂಳೆಗಳ ಮಧ್ಯೆ ಕೂರುವ ಪಾದದ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಪಾದ ನೆಲಕ್ಕೆ ಚಪ್ಪಟೆಯಾಗಿ ಊರಿದಾಗ ಅಗಲವಾದ ಭಾಗ ಒಳಗೆ ಸೇರಿ ಬಿಗಿಯಾಗಿ ಕೂರುತ್ತದೆ. ಬದುವಿನಿಂದಲೋ ಮೆಟ್ಟಿಲಿನಿಂದಲೋ ಇಳಿಯುವಾಗ ಬೆರಳು ಕೆಳಗೆ ಚಾಚುತ್ತದೆ, ಆಗ ಕಿರಿದಾದ ಭಾಗ ಬಂದು ಕೀಲು ಸಡಿಲವಾಗುತ್ತದೆ. ಅದೇ ಹೊತ್ತಿಗೆ ಆ ಮುಂದಿನ ಲಿಗಮೆಂಟ್ ಪೂರ್ತಿ ಎಳೆದುಕೊಂಡಿರುತ್ತದೆ. ಮೇಲೆ ಹೊರೆ, ಕೆಳಗೆ ಕೂಳೆ ಕಬ್ಬಿನ ಮೋಟು, ಮುಗಿಯಿತು.

ಲಿಗಮೆಂಟ್ ಪೆಟ್ಟನ್ನು ಮೂರು ದರ್ಜೆ ಅಂತ ಹೇಳುತ್ತಾರೆ. ಬರೀ ಎಳೆದುಕೊಂಡಿದ್ದರೆ ಮೊದಲನೆಯದು, ಭಾಗಶಃ ಹರಿದಿದ್ದರೆ ಎರಡನೆಯದು, ಪೂರ್ತಿ ಹರಿದಿದ್ದರೆ ಮೂರನೆಯದು. ಹುರಿ ಹಗ್ಗದಲ್ಲಿ ಕೆಲವು ಎಳೆ ಹೋದರೂ ಹಗ್ಗ ಉಳಿದಿರುತ್ತದಲ್ಲ, ಎರಡನೆಯದು ಹಾಗೆ. ನಿಮಗೆ ಬಂದ ಊತ, ಕಪ್ಪುನೀಲಿ ನೋಡಿದರೆ ಎರಡನೇ ದರ್ಜೆ ಇರಬಹುದು ಅನ್ನಿಸುತ್ತದೆ, ಆದರೆ ಕೈಯಲ್ಲಿ ಹಿಡಿದು ನೋಡದೆ ಖಚಿತವಾಗಿ ಹೇಳುವುದಿಲ್ಲ. ಮೊದಲನೆಯದು ಒಂದರಿಂದ ಮೂರು ವಾರ, ಎರಡನೆಯದು ಮೂರರಿಂದ ಆರು ವಾರ, ಮೂರನೆಯದು ಮೂರು ತಿಂಗಳು ಅಥವಾ ಅದಕ್ಕೂ ಜಾಸ್ತಿ ಅಂತ ಸಾಮಾನ್ಯ ಲೆಕ್ಕ. ಈ ಲೆಕ್ಕ ದಿನನಿತ್ಯ ಓಡಾಡುವುದಕ್ಕೆ ಮಾತ್ರ. ಹರಿದ ಜಾಗದಲ್ಲಿ ಮೊದಲು ಬೆಳೆಯುವ ನಾರು ಅಡ್ಡಾದಿಡ್ಡಿಯಾಗಿ, ತೆಳ್ಳಗೆ ಇರುತ್ತದೆ. ಅದು ಸರಿಯಾದ ದಿಕ್ಕಿನಲ್ಲಿ ಜೋಡಿಸಿಕೊಂಡು ಗಟ್ಟಿಯಾಗುವ ಕೆಲಸ ಒಂದು ವರ್ಷದವರೆಗೂ ನಡೆಯುತ್ತಿರುತ್ತದೆ. ಯಾವ ದಿಕ್ಕಿಗೆ ಜೋಡಿಸಿಕೊಳ್ಳಬೇಕು ಅನ್ನುವುದನ್ನು ಅದಕ್ಕೆ ಕಲಿಸುವುದು ಹದವಾದ ಭಾರ. ಭಾರವೇ ಬೀಳದ ಕಾಲಿನಲ್ಲಿ ಅದು ಹೇಗೆ ಕಲಿಯಬೇಕು?

ಎಕ್ಸ್‌ರೇ ಬಗ್ಗೆ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ, ಮೂಳೆ ಮುರಿದಿದೆಯಾ ಅಂತ ನೋಡಲು ಮಾತ್ರ ಅದು. ಹಾಗಾಗಿ ಎಕ್ಸ್‌ರೇ ನಾರ್ಮಲ್ ಅಂದರೆ ಕಾಲು ನಾರ್ಮಲ್ ಅಂತ ಅಲ್ಲ. ಎಲ್ಲರಿಗೂ ಎಕ್ಸ್‌ರೇ ಬೇಕಾಗಿಯೂ ಇಲ್ಲ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಇದಕ್ಕೊಂದು ಸುಲಭ ನಿಯಮ ಮಾಡಿದರು, ಈಗ ಎಲ್ಲ ಕಡೆ ಬಳಸುತ್ತಾರೆ. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲೂ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಕೀಲಿನ ಒಳಗಿನ ಹೊರಗಿನ ಉಬ್ಬು ಮೂಳೆಗಳ ತುದಿಯಲ್ಲಿ, ಅವುಗಳ ಹಿಂಬದಿ ಅಂಚಿನ ಕೆಳಗಿನ ಆರು ಸೆಂಟಿಮೀಟರ್‌ನಲ್ಲಿ ಒತ್ತಿದರೆ ನೋವಿದ್ದರೆ, ಎಕ್ಸ್‌ರೇ ತೆಗೆಸಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆ, ಒಳಬದಿಯ ಕಮಾನಿನ ಮೂಳೆ ಇವೆರಡನ್ನೂ ಒತ್ತಿ ನೋಡಬೇಕು. ನಿಮಗೆ ಹೋದ ವಾರ ಮತ್ತೆ ಹೊರಳಿದೆಯಲ್ಲ, ಈ ಜಾಗಗಳನ್ನು ಒಮ್ಮೆ ಒತ್ತಿ ನೋಡಿಕೊಳ್ಳಿ. ಮೂಳೆ ಮೇಲೇ ಚುಚ್ಚುವ ನೋವಿದ್ದರೆ ಹಳೇ ಎಕ್ಸ್‌ರೇ ನಂಬಿಕೊಂಡು ಕೂರಬೇಡಿ, ಹೊಸದು ತೆಗೆಸಿ.

ಮೂರು ವಾರ ಕಾಲು ಊರದೇ ಇದ್ದಿದ್ದು ಜಾಸ್ತಿಯಾಯಿತು. ಬೈಯುತ್ತಿಲ್ಲ, ನಮ್ಮ ಕಡೆ ಕಾಲು ಉಳುಕಿದರೆ ಮನೆಯವರು ಮಂಚದಿಂದ ಇಳಿಯಲು ಬಿಡುವುದೇ ಇಲ್ಲ. ವಿಶ್ರಾಂತಿ, ಐಸು, ಬ್ಯಾಂಡೇಜು, ಕಾಲು ಎತ್ತಿಡುವುದು ಅನ್ನುವ ಸೂತ್ರವನ್ನು 1978ರಲ್ಲಿ ಅಮೆರಿಕದ ಗೇಬ್ ಮಿರ್ಕಿನ್ ಎಂಬ ವೈದ್ಯರು ಜನಪ್ರಿಯ ಮಾಡಿದರು. ವರ್ಷಗಳಾದ ಮೇಲೆ ಅವರೇ, ಐಸು ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ತಡಮಾಡಬಹುದು ಅಂತ ಬರೆದರು. ಮೊದಲ ಎರಡು ಮೂರು ದಿನ ಕಾಲು ಎತ್ತಿಡಿ, ನೋವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಿ, ಅದು ನೋವಿಗೆ ಒಳ್ಳೆಯದೇ. ಆಮೇಲೆ ನೋವು ತಡೆಯುವಷ್ಟು ಭಾರ ಹಾಕಿ ನಡೆಯಲು ಶುರು ಮಾಡಬೇಕು. ಮೂಳೆ ಮುರಿದಿಲ್ಲ ಅಂತ ಗೊತ್ತಿದ್ದರೆ ಊತ ಇದ್ದರೂ ನಡೆಯಬಹುದು. ಆಗಿಹೋದದ್ದು ಬಿಡಿ, ಇದನ್ನು ಬರೆದದ್ದು ಹೊಸದಾಗಿ ಕಾಲು ಉಳುಕಿಸಿಕೊಂಡು ಓದುತ್ತಿರುವವರಿಗೆ.

ಈಗ ಉಳುಕು ತೆಗೆಸುವ ವಿಷಯ. ಇದನ್ನು ಕೇಳಿದಾಗಲೆಲ್ಲ ನಮ್ಮ ವೃತ್ತಿಯವರು ನಗುತ್ತಾರೆ ಇಲ್ಲವೇ ರೇಗುತ್ತಾರೆ, ನನಗೆ ಎರಡೂ ಬೇಡ. ಎಣ್ಣೆ ಹಚ್ಚಿ ಹಗುರವಾಗಿ ನೀವಿಸಿಕೊಂಡರೆ ಮೀನಖಂಡದ ಬಿಗಿತ ಸಡಿಲವಾಗುತ್ತದೆ, ಹಿತವಾಗಿರುತ್ತದೆ, ಆರು ವಾರದ ಮೇಲೆ ಅದರಿಂದ ಕೇಡಿಲ್ಲ. ಆದರೆ ಹೊಸ ಪೆಟ್ಟಿನ ಮೇಲೆ ಒತ್ತಿ ಉಜ್ಜುವುದು, ಪಾದ ಹಿಡಿದು ಲಟಕ್ಕೆಂದು ತಿರುಗಿಸುವುದು, ಬಿಸಿ ಶಾಖ ಕೊಡುವುದು ಇವು ಬೇಡವೇ ಬೇಡ. ಹರಿದ ಜಾಗದಲ್ಲಿ ಇನ್ನೂ ರಕ್ತ ಒಸರುತ್ತಿರುತ್ತದೆ, ಊತ ಇನ್ನಷ್ಟು ಏರುತ್ತದೆ. ಲಿಗಮೆಂಟ್ ಜಾಗ ತಪ್ಪಿ ಕೂತಿರುವುದಿಲ್ಲ, ಎಳೆದು ಮತ್ತೆ ಕೂರಿಸಲು ಅಲ್ಲಿ ಏನೂ ಇಲ್ಲ. ಲಟಕ್ ಅಂತ ಸದ್ದು ಬಂದರೆ ಉಳುಕು ಬಿಟ್ಟಿತು ಅನ್ನುತ್ತಾರೆ, ಆ ಸದ್ದು ಸಾಮಾನ್ಯವಾಗಿ ಕೀಲಿನ ಗಾಳಿಯದ್ದು. ಅರಿಶಿನ, ಹುಣಸೇಹಣ್ಣಿನ ಪಟ್ಟು ಹಾಕುವುದಾದರೆ ತೀರಾ ಬಿಸಿ ಇರದಂತೆ ನೋಡಿಕೊಳ್ಳಿ, ಚರ್ಮ ಸುಟ್ಟುಕೊಂಡು ಬರುವವರಿದ್ದಾರೆ, ಸಕ್ಕರೆ ಕಾಯಿಲೆ ಇರುವವರಿಗಂತೂ ಪಾದದಲ್ಲಿ ಸುಟ್ಟಿದ್ದು ಗೊತ್ತೇ ಆಗುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ: ಮೂರನೇ ಸಲ ತೆಗೆಸುವುದು ಬೇಡ.

ಕರೆಂಟ್ ಕೊಡುವುದರ ಬಗ್ಗೆಯೂ ಅಷ್ಟೇ ನೇರವಾಗಿ ಹೇಳುತ್ತೇನೆ, ನಾನೂ ಅದೇ ವೃತ್ತಿಯವಳಾದರೂ. ಐಎಫ್‌ಟಿ, ಟೆನ್ಸ್ ಅನ್ನುವ ಕರೆಂಟ್ ಮಷಿನ್‌ಗಳು ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ. ಜೆಲ್ ಹಚ್ಚಿ ಸವರುವ ಅಲ್ಟ್ರಾಸೌಂಡ್ ವಿಷಯಕ್ಕೆ ಬಂದರೆ, ಹೊಸ ಉಳುಕಿನ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ, ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆ ಇದೆ. ನಿಜವಾಗಿ ಚಾಲೂ ಮಾಡಿದ ಮಷಿನ್‌ಗೂ ಆಫ್ ಮಾಡಿ ಸುಮ್ನೆ ಸವರಿದ ಮಷಿನ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಹತ್ತು ದಿನ ಮಂಚದ ಮೇಲೆ ಮಲಗಿಸಿ, ವೈರು ಅಂಟಿಸಿ, ಇಪ್ಪತ್ತು ನಿಮಿಷಕ್ಕೆ ಎಬ್ಬಿಸಿ ಕಳಿಸಿದರೆ ಅದು ಫಿಸಿಯೋಥೆರಪಿಯ ಮುನ್ನುಡಿ ಮಾತ್ರ. ಮಷಿನ್ ಕೆಲಸ ಮಾಡುವಾಗ ನಿಮ್ಮ ಕಾಲು ಮಲಗಿರುತ್ತದೆ, ಅದೇ ತೊಂದರೆ.

ಹಾಗಾದರೆ ಬರಿಗೈಲಿ ನಡೆಯುವಾಗಲೂ ಕಾಲು ಯಾಕೆ ಹೊರಳಿತು? ಲಿಗಮೆಂಟ್ ಕೀಲನ್ನು ಕಟ್ಟಿ ಹಿಡಿಯುವುದು ಮಾತ್ರವಲ್ಲ, ಪಾದ ಈಗ ಎಷ್ಟು ವಾಲಿದೆ ಅನ್ನುವ ಸುದ್ದಿಯನ್ನೂ ಮೆದುಳಿಗೆ ಕಳಿಸುತ್ತದೆ. ಅದಕ್ಕೆಂದೇ ಅದರೊಳಗೆ ನರದ ತುದಿಗಳಿವೆ. ಲಿಗಮೆಂಟ್ ಹರಿದಾಗ ಅವಕ್ಕೂ ಪೆಟ್ಟಾಗುತ್ತದೆ, ಸುದ್ದಿ ತಡವಾಗುತ್ತದೆ, ಇಲ್ಲವೇ ತಪ್ಪಾಗುತ್ತದೆ. ಕಾಲಿನ ಹೊರಬದಿಯಲ್ಲಿ, ಉಬ್ಬು ಮೂಳೆಯ ಹಿಂದಿನಿಂದ ಪಾದಕ್ಕೆ ಹೋಗುವ ಎರಡು ಸ್ನಾಯುಗಳಿವೆ, ಪಾದ ಒಳಕ್ಕೆ ಮಗುಚದಂತೆ ಹೊರಕ್ಕೆ ಎಳೆದು ಹಿಡಿಯುವವು ಅವೇ. ಮಲಗಿದ್ದ ವಾರಗಳಲ್ಲಿ ಅವು ಸೊರಗಿವೆ. ನೋವು ಹೋಗಿರುವುದರಿಂದ ನೀವು ಕಾಲನ್ನು ನಂಬಿ ಊರುತ್ತೀರಿ, ಪಾದ ಸ್ವಲ್ಪ ವಾರೆಯಾಗಿ ಇಳಿಯುತ್ತದೆ, ಅದು ತಿಳಿದು ಸ್ನಾಯು ಎಳೆಯುವ ಹೊತ್ತಿಗೆ ಕಾಲು ಆಗಲೇ ಹೊರಳಿರುತ್ತದೆ. ಬ್ರಿಟನ್ನಿನ ಫ್ರೀಮನ್ ಎಂಬ ಮೂಳೆ ವೈದ್ಯರು ಮತ್ತು ಅವರ ಜೊತೆಗಾರರು ಇದನ್ನು 1965ರಲ್ಲೇ ಹೇಳಿದ್ದರು, ಸಮತೋಲನದ ವ್ಯಾಯಾಮ ಮಾಡಿಸಿದರೆ ಕಾಲು ಕೈಕೊಡುವುದು ಕಮ್ಮಿಯಾಗುತ್ತದೆ ಅಂತ ತೋರಿಸಿಯೂ ಇದ್ದರು.

ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು ಅಂತೇನಿಲ್ಲ. ನೆದರ್ಲೆಂಡ್ಸ್‌ನಲ್ಲಿ ಉಳುಕಿನಿಂದ ಚೇತರಿಸಿಕೊಂಡ 522 ಆಟಗಾರರ ಮೇಲೆ ಒಂದು ಅಧ್ಯಯನ ನಡೆಯಿತು, 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮನೆಯಲ್ಲೇ, ಯಾರ ಉಸ್ತುವಾರಿಯೂ ಇಲ್ಲದೆ, ಎಂಟು ವಾರ ಸಮತೋಲನದ ವ್ಯಾಯಾಮ ಮಾಡಲು ಹೇಳಿದರು. ಮುಂದಿನ ಒಂದು ವರ್ಷದಲ್ಲಿ ಮತ್ತೆ ಕಾಲು ಉಳುಕಿಸಿಕೊಂಡವರು ಈ ಗುಂಪಿನಲ್ಲಿ ನೂರಕ್ಕೆ 22 ಜನ, ವ್ಯಾಯಾಮ ಕೊಡದವರಲ್ಲಿ ನೂರಕ್ಕೆ 33. ಮನೆ ಜಗುಲಿ ಮೇಲೆ ಮಾಡುವ ಕೆಲಸಕ್ಕೆ ಇದು ಕಮ್ಮಿ ಫಲ ಅಲ್ಲ ಅಲ್ವಾ?

ಶುರು ಮಾಡುವ ಮೊದಲು ಕಾಲು ಎಷ್ಟು ಬಿಗಿದಿದೆ ನೋಡಿ. ಹಿಮ್ಮಡಿ ನೆಲ ಬಿಡದಂತೆ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಎಡ ಹಿಮ್ಮಡಿ ಮೇಲೇಳುತ್ತಿದ್ದರೆ, ಅಥವಾ ಭಾರ ಎಲ್ಲ ಬಲಗಾಲಿಗೆ ಹೋಗುತ್ತಿದ್ದರೆ ಕೀಲು ಇನ್ನೂ ಪೂರ್ತಿ ಮಡಿಸುತ್ತಿಲ್ಲ. ಇನ್ನೂ ಸರಿಯಾಗಿ ಅಳೆಯಬೇಕೆಂದರೆ ಗೋಡೆಗೆ ಮುಖ ಮಾಡಿ ನಿಂತು, ಹೆಬ್ಬೆರಳು ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿರಲಿ, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಪಾದವನ್ನು ಇನ್ನೊಂದು ಬೆರಳಷ್ಟು ಹಿಂದೆ ಇಡಿ. ಬಲಗಾಲಿಗೂ ಎಡಗಾಲಿಗೂ ಎಷ್ಟು ಬೆರಳು ವ್ಯತ್ಯಾಸ ಅಂತ ಗುರುತು ಹಾಕಿಕೊಳ್ಳಿ. ಪರೀಕ್ಷೆಯೂ ಇದೇ, ವ್ಯಾಯಾಮವೂ ಇದೇ. ಬೆಳಿಗ್ಗೆ ಸಂಜೆ ಹದಿನೈದು ಸಲ ನಿಧಾನವಾಗಿ ಮೊಣಕಾಲು ಮುಂದಕ್ಕೆ ತಳ್ಳಿ. ಮೀನಖಂಡ ಎಳೆದ ಹಾಗೆ ಅನ್ನಿಸಬೇಕು. ಕೀಲಿನ ಮುಂದೆ ಚಿವುಟಿದ ಹಾಗೆ ಆದರೆ ಸ್ವಲ್ಪ ಕಮ್ಮಿ ಮಾಡಿ. ಬೆಳಿಗ್ಗೆ ಬಿಗಿತ ಅಂದಿರಲ್ಲ, ಹಾಸಿಗೆಯಿಂದ ಇಳಿಯುವ ಮೊದಲೇ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಮೂವತ್ತು ಸಲ ಆಡಿಸಿ, ಗಾಳಿಯಲ್ಲಿ ಹೆಬ್ಬೆರಳಿನಿಂದ ಅ ಆ ಇ ಈ ಬರೆಯಿರಿ. ಮಕ್ಕಳು ನೋಡಿ ನಕ್ಕರೆ ನಗಲಿ.

ಆಮೇಲೆ ಬಲ. ಹೊರಬದಿ ಸ್ನಾಯುಗಳಿಗೆ ಹಳೇ ಸೈಕಲ್ ಟ್ಯೂಬ್ ಸಾಕು, ಬಣ್ಣದ ಬ್ಯಾಂಡ್ ಕೊಳ್ಳಬೇಕಾಗಿಲ್ಲ. ಟ್ಯೂಬ್‌ನ ಒಂದು ತುದಿಯನ್ನು ನಿಮ್ಮ ಬಲಬದಿಗಿರುವ ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿ ಎಡಪಾದದ ಮುಂಭಾಗಕ್ಕೆ. ಮೊಣಕಾಲು ಅಲ್ಲಾಡಿಸದೆ ಪಾದವನ್ನು ಮಾತ್ರ ಹೊರಕ್ಕೆ ತಳ್ಳಿ, ಮೂರು ಎಣಿಸುವಷ್ಟು ನಿಧಾನವಾಗಿ ವಾಪಸ್ ಬಿಡಿ. ವಾಪಸ್ ಬಿಡುವುದೇ ಇದರಲ್ಲಿ ಮುಖ್ಯ, ಯಾಕೆಂದರೆ ಕಾಲು ಹೊರಳುವಾಗ ಈ ಸ್ನಾಯು ಮಾಡಬೇಕಾದ ಕೆಲಸ ಅದೇ, ಒಳಕ್ಕೆ ಮಗುಚುತ್ತಿರುವ ಪಾದವನ್ನು ತಡೆದು ನಿಲ್ಲಿಸುವುದು. ಹದಿನೈದರಂತೆ ಮೂರು ಸಲ. ಇದು ನೋವಾದರೆ ಮೊದಲ ವಾರ ಕಿರುಬೆರಳ ಬದಿಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಐದು ಸೆಕೆಂಡ್ ಹಿಡಿದು ಬಿಟ್ಟರೂ ಆಗುತ್ತದೆ. ಜೊತೆಗೆ ಗೋಡೆ ಹಿಡಿದು ತುದಿಗಾಲಲ್ಲಿ ಏಳುವುದು. ಮೊದಲು ಎರಡೂ ಕಾಲಲ್ಲಿ ಎದ್ದು ಎರಡರಲ್ಲೂ ಇಳಿಯಿರಿ, ಆಮೇಲೆ ಎರಡರಲ್ಲಿ ಎದ್ದು ಎಡಗಾಲೊಂದರಲ್ಲೇ ನಿಧಾನವಾಗಿ ಇಳಿಯಿರಿ, ಕೊನೆಗೆ ಎಡಗಾಲೊಂದರಲ್ಲೇ ಎದ್ದು ಇಳಿಯಿರಿ. ಬಲಗಾಲಲ್ಲಿ ಎಷ್ಟು ಆಗುತ್ತದೋ ಎಡಗಾಲಲ್ಲೂ ಅಷ್ಟೇ ಆಗುವ ತನಕ ಇದನ್ನು ಬಿಡಬೇಡಿ. ಬಹಳ ಜನ ಇಲ್ಲೇ ಅರ್ಧಕ್ಕೆ ನಿಲ್ಲಿಸುತ್ತಾರೆ, ನೋವಿಲ್ಲವಲ್ಲ ಅಂತ.

ಸಮತೋಲನ ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಪ್ರತ್ಯೇಕ ಟೈಮೂ ಬೇಡ. ಹಲ್ಲುಜ್ಜುವಾಗ ಎಡಗಾಲೊಂದರ ಮೇಲೆ ನಿಲ್ಲಿ, ಹತ್ತಿರದಲ್ಲಿ ಗೋಡೆ ಇರಲಿ. ಮೊಣಕಾಲು ಸ್ವಲ್ಪ ಮಡಿಸಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಮೂರೂ ನೆಲಕ್ಕೆ ಊರಿರಬೇಕು. ಮೂವತ್ತು ಸೆಕೆಂಡ್ ಅಲ್ಲಾಡದೆ ನಿಲ್ಲಲು ಬಂದ ಮೇಲೆ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ನಿಲ್ಲಿ. ಅದೂ ಬಂದರೆ ಕಣ್ಣು ಮುಚ್ಚಿ. ಕಣ್ಣು ಮುಚ್ಚಿದ ತಕ್ಷಣ ಕಾಲು ಹೇಗೆ ನಡುಗುತ್ತದೆ ನೋಡಿ, ಆಗಲೇ ಗೊತ್ತಾಗುವುದು ಇಷ್ಟು ದಿನ ಪಾದದ ಕೆಲಸವನ್ನು ಕಣ್ಣು ಮಾಡುತ್ತಿತ್ತು ಅಂತ. ರಾತ್ರಿ ಹೊತ್ತು ತ್ರೀ ಫೇಸ್ ಕರೆಂಟ್ ಬಂತು ಅಂತ ಮೋಟರ್ ಹಾಕಲು ಕತ್ತಲಲ್ಲಿ ಗದ್ದೆಗೆ ಹೋಗುವವರು ನೀವು, ಅಲ್ಲಿ ಕಣ್ಣು ಸಹಾಯಕ್ಕೆ ಬರುವುದಿಲ್ಲ. ಆಮೇಲೆ ಮಡಿಸಿದ ರಗ್ಗಿನ ಮೇಲೋ ದಿಂಬಿನ ಮೇಲೋ ನಿಂತು ಇದನ್ನೇ ಮಾಡಿ. ನೆಲದ ಮೇಲೆ ಮುಂದೆ, ಪಕ್ಕ, ಹಿಂದೆ ಮೂರು ಚೊಂಬು ಇಟ್ಟು, ಎಡಗಾಲಲ್ಲಿ ನಿಂತು ಬಲಗಾಲ ಬೆರಳಿನಿಂದ ಒಂದೊಂದನ್ನೂ ಮುಟ್ಟಿ ಬನ್ನಿ. ಕೊನೆಗೆ ಎಡಗಾಲಲ್ಲಿ ನಿಂತು ಮಗನ ಜೊತೆ ಚೆಂಡು ಎಸೆದು ಹಿಡಿಯಿರಿ. ಚೆಂಡಿನ ಮೇಲೆ ಗಮನ ಹೋದಾಗ ಪಾದ ತನ್ನಷ್ಟಕ್ಕೆ ನಿಭಾಯಿಸಲು ಕಲಿಯುತ್ತದೆ. ಹೊರೆ ಹೊತ್ತಾಗಲೂ ನಿಮ್ಮ ಗಮನ ಹೊರೆ ಮೇಲೇ ಇರುತ್ತದೆ, ಕಾಲಿನ ಮೇಲಲ್ಲ.

ಸೊಂಟದ ಪಕ್ಕದ ಸ್ನಾಯುಗಳನ್ನೂ ಮರೆಯಬೇಡಿ. ಬಲಮಗ್ಗುಲಾಗಿ ಮಲಗಿ ಎಡಗಾಲನ್ನು ನೇರವಾಗಿ ಮೇಲೆತ್ತಿ ಇಳಿಸಿದರೆ ಸಾಕು.

ಎಷ್ಟು ನೋವಿದ್ದರೆ ಮುಂದುವರಿಸಬಹುದು ಅಂತ ಎಲ್ಲರೂ ಕೇಳುತ್ತಾರೆ. ಹತ್ತಕ್ಕೆ ಮೂರರಷ್ಟು ನೋವು ಪರವಾಗಿಲ್ಲ. ಆದರೆ ನಿಜವಾದ ಲೆಕ್ಕ ಮಾರನೇ ದಿನ ಬೆಳಿಗ್ಗೆ ಸಿಗುತ್ತದೆ. ಊತ, ಬಿಗಿತ ನಿನ್ನೆಯಷ್ಟೇ ಇದ್ದರೆ ಅಥವಾ ಕಮ್ಮಿಯಿದ್ದರೆ ಮುಂದೆ ಹೋಗಿ, ಜಾಸ್ತಿಯಾಗಿದ್ದರೆ ಒಂದು ದಿನ ಬಿಟ್ಟು ಹಿಂದಿನ ಹಂತ ಮಾಡಿ. ಪೂರ್ತಿ ನಿಲ್ಲಿಸಬೇಡಿ. ಸಂಜೆ ಊತಕ್ಕೆ ಅಷ್ಟು ಹೆದರಬೇಕಾಗಿಲ್ಲ. ಕೊಪ್ಪರಿಗೆ ಮುಂದೆ ಶಾಖದಲ್ಲಿ ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಸರಿಯಿರುವ ಕಾಲೇ ಭಾರವಾಗುತ್ತದೆ, ಪೆಟ್ಟಾದ ಕಾಲಿನಲ್ಲಿ ನೀರು ಇಳಿದು ನಿಲ್ಲುವುದು ಸಹಜ. ಮೀನಖಂಡ ಹಿಂಡಿದಾಗಲೇ ಆ ನೀರು ಮೇಲಕ್ಕೆ ಹೋಗುವುದು. ಹಾಗಾಗಿ ಅಲ್ಲೇ ನಿಂತಿದ್ದರೂ ಆಗಾಗ ಹತ್ತಿಪ್ಪತ್ತು ಸಲ ತುದಿಗಾಲಲ್ಲಿ ಎದ್ದು ಇಳಿಯಿರಿ, ಮಧ್ಯಾಹ್ನ ಉಂಡ ಮೇಲೆ ಕಾಲನ್ನು ಬೆಲ್ಲದ ಮೂಟೆ ಮೇಲೋ ಗೋಡೆಗೋ ಎತ್ತಿಟ್ಟು ಸ್ವಲ್ಪ ಮಲಗಿ. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಯನ್ನು ವಾರಗಟ್ಟಲೆ ಮೆಡಿಕಲ್ ಶಾಪ್‌ನಿಂದ ತಂದು ನುಂಗಬೇಡಿ. ಹೊಟ್ಟೆಗೂ ಕಿಡ್ನಿಗೂ ಒಳ್ಳೆಯದಲ್ಲ, ಬಿಪಿ ಇದ್ದರೆ ಇನ್ನೂ ಎಚ್ಚರ. ನುಂಗಿ ನೋವು ಮುಚ್ಚಿಕೊಂಡು ಗದ್ದೆಗೆ ಇಳಿಯುವುದು ಅದಕ್ಕಿಂತ ಅಪಾಯ.

ಹೊರೆ ಯಾವಾಗ? ತಾರೀಖು ಕೊಡುವುದಿಲ್ಲ, ಪರೀಕ್ಷೆ ಕೊಡುತ್ತೇನೆ. ಎಡಗಾಲಲ್ಲಿ ತುದಿಗಾಲಿನ ಲೆಕ್ಕ ಬಲಗಾಲಿನಷ್ಟೇ ಬರಬೇಕು, ಕುಕ್ಕರಗಾಲಲ್ಲಿ ಸಮವಾಗಿ ಕೂರಬೇಕು, ಎಡಗಾಲಲ್ಲಿ ಕುಂಟೋಬಿಲ್ಲೆ ಆಡುವ ಹಾಗೆ ಹತ್ತು ಸಲ ಕುಪ್ಪಳಿಸಿದರೆ ನೋವೂ ಬರಬಾರದು, ಹೆದರಿಕೆಯೂ ಆಗಬಾರದು. ಹೆದರಿಕೆಯನ್ನು ಸಣ್ಣದು ಅಂದುಕೊಳ್ಳಬೇಡಿ. ಕಾಲಿನ ಮೇಲೆ ನಂಬಿಕೆ ಇಲ್ಲದವನು ಹೆಜ್ಜೆ ತಪ್ಪು ತಪ್ಪಾಗಿ ಇಡುತ್ತಾನೆ, ಅದರಿಂದಲೇ ಇನ್ನೊಂದು ಸಲ ಬೀಳುತ್ತಾನೆ. ಇವೆಲ್ಲ ಆದ ಮೇಲೆ ಮೊದಲು ಅಂಗಳದಲ್ಲಿ ನೀರು ತುಂಬಿದ ಬಿಂದಿಗೆ ಹಿಡಿದು ಓಡಾಡಿ. ನಂತರ ಗದ್ದೆಯಲ್ಲಿ ಬರಿಗೈಲಿ ಸಾಲಿಗೆ ಅಡ್ಡಡ್ಡ ನಡೆಯಿರಿ. ಆಮೇಲೆ ಅರ್ಧ ಹೊರೆ, ಅದೂ ಸಮ ನೆಲದಲ್ಲಿ. ಬದು ಇಳಿಯುವುದು ಕೊನೆಗೆ, ಇಳಿಯುವಾಗ ಬೆರಳು ಮುಂದೆ ಮಾಡಿ ಜಿಗಿಯದೆ ಪೂರ್ತಿ ಪಾದ ಊರಿ ಇಳಿಯಿರಿ. ಶ್ರದ್ಧೆಯಿಂದ ಮಾಡಿದರೆ ಅರ್ಧ ಹೊರೆಗೆ ಬರಲು ಒಂದು ಒಂದೂವರೆ ತಿಂಗಳು ಬೇಕಾದೀತು. ವ್ಯಾಯಾಮ ಎಂಟು ವಾರಕ್ಕೆ ಮೊದಲು ನಿಲ್ಲಿಸಬಾರದು. ಗಾಡಿ ಎಕ್ಸ್‌ಎಲ್ ಮೊಪೆಡ್ ಆದರೆ ಗೇರ್ ಕಾಟ ಇಲ್ಲ, ಓಡಿಸಬಹುದು. ಗೇರ್ ಬೈಕ್ ಆದರೆ ಎಡಪಾದವನ್ನು ಮೇಲೆತ್ತುವಾಗ ನೋವಿಲ್ಲ ಅನ್ನುವ ತನಕ ತಡೆಯಿರಿ. ಎರಡರಲ್ಲೂ ಹಿಂದೆ ಮೂಟೆ ಹೇರಿಕೊಂಡು ಎಡಗಾಲು ಊರಿ ನಿಲ್ಲಿಸುವುದು ಸದ್ಯಕ್ಕೆ ಬೇಡ.

ಹರಕೆ ವಿಷಯ. ಬೆಟ್ಟಕ್ಕೆ ಸಾವಿರದ ಎಂಟು ಮೆಟ್ಟಿಲು ಅನ್ನುತ್ತಾರೆ. ಹತ್ತುವುದು ನಿಮ್ಮ ಕಾಲಿಗೆ ಅಷ್ಟು ಕಷ್ಟವಲ್ಲ, ಇಳಿಯುವುದು ಕಷ್ಟ, ಕಾರಣ ಮೊದಲೇ ಹೇಳಿದ್ದೇನೆ. ಮುಂದಿನ ತಿಂಗಳ ಹೊತ್ತಿಗೆ ತುದಿಗಾಲು ಮತ್ತು ಒಂಟಿಕಾಲಿನ ಪರೀಕ್ಷೆ ಪಾಸಾಗಿದ್ದರೆ ಬೈಂಡರ್ ಹಾಕಿಕೊಂಡು, ರಶ್ಶು ಇಲ್ಲದ ದಿನ ಬೆಳಗಿನ ಜಾವ ಹತ್ತಿ. ಆಷಾಢ ಶುಕ್ರವಾರದ ನೂಕುನುಗ್ಗಲು ಬೇಡ. ಬರಿಗಾಲಲ್ಲಿ ಹತ್ತುವುದಾದರೂ ಬೈಂಡರ್ ಹಾಕಬಹುದು. ದೊಡ್ಡ ನಂದಿಯ ಹತ್ತಿರಕ್ಕೆ ರಸ್ತೆ ಬರುತ್ತದೆ, ಅಷ್ಟರಲ್ಲಿ ಕಾಲು ಬೇಡ ಅಂದರೆ ಅಲ್ಲಿಂದ ಗಾಡಿಯಲ್ಲಿ ಹೋಗಿ. ವಾಪಸ್ ಬರುವುದು ಬಸ್ಸಿನಲ್ಲೇ. ಹತ್ತುತ್ತೇನೆ ಅಂತ ಹರಸಿಕೊಂಡಿರುತ್ತೀರಿ, ಇಳಿಯುತ್ತೇನೆ ಅಂತ ಅಲ್ವಲ್ಲ. ಪರೀಕ್ಷೆ ಪಾಸಾಗದಿದ್ದರೆ ಹರಕೆ ಮುಂದಕ್ಕೆ ಹಾಕಿ, ತಾಯಿ ಬೇಸರ ಮಾಡಿಕೊಳ್ಳುವುದಿಲ್ಲ.

ಬೈಂಡರ್ ಅಭ್ಯಾಸವಾಗುತ್ತದೆ ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ವ್ಯಾಯಾಮ ಬಿಟ್ಟು ಬರೀ ಬೈಂಡರ್ ನಂಬಿದರೆ ಹೌದು. ವ್ಯಾಯಾಮದ ಜೊತೆ ಹಾಕಿದರೆ ಅದು ಮತ್ತೆ ಹೊರಳುವುದನ್ನು ಚೆನ್ನಾಗಿ ತಪ್ಪಿಸುತ್ತದೆ. ಸಾಕ್ಸ್ ಥರ ಏರಿಸುವ ತೆಳ್ಳಗಿನದು ಬೆಚ್ಚಗಿರುತ್ತದೆ ಅಷ್ಟೇ. ಲೇಸ್ ಕಟ್ಟುವ, ಪಟ್ಟಿ ಅಡ್ಡ ಸುತ್ತುವ ಗಟ್ಟಿ ಬೈಂಡರ್ ತಗೊಳ್ಳಿ. ಗದ್ದೆ, ಹೊರೆ, ಏರುತಗ್ಗು ಇದ್ದಾಗ ಹಾಕಿ, ಮುಂದಿನ ಕೆಲವು ತಿಂಗಳು ಹಾಗೇ ನಡೆಯಲಿ. ಮನೆಯಲ್ಲಿ, ವ್ಯಾಯಾಮ ಮಾಡುವಾಗ, ಮಲಗುವಾಗ ತೆಗೆದಿಡಿ. ಗದ್ದೆಗೆ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ ಇರಲಿ.

ಎಂಆರ್‌ಐ ಈಗಲೇ ಬೇಡ ಅನ್ನಿಸುತ್ತದೆ. ಅದರಲ್ಲಿ ಲಿಗಮೆಂಟ್ ಹರಿದಿದೆ ಅಂತ ಬಂದರೂ ಮಾಡಬೇಕಾದ್ದು ಇದೇ ವ್ಯಾಯಾಮ. ಆದರೆ ಸರಿಯಾಗಿ ಎರಡು ತಿಂಗಳು ಮಾಡಿದ ಮೇಲೂ ಕೀಲಿನ ಆಳದಲ್ಲಿ ನೋವಿದ್ದರೆ, ನಡೆಯುವಾಗ ಕೀಲು ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತಿದ್ದರೆ, ಉಬ್ಬು ಮೂಳೆಯ ಹಿಂದೆ ಸ್ನಾಯು ಜಾರಿದ ಹಾಗೆ ಟಕ್ ಅನ್ನುತ್ತಿದ್ದರೆ, ಮೀನಖಂಡದ ನಡುವೆ ಎರಡೂ ಕಡೆಯಿಂದ ಅದುಮಿದಾಗ ನೋವು ಕೆಳಗೆ ಕೀಲಿನ ಮೇಲೆ ಬರುತ್ತಿದ್ದರೆ, ಆಗ ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮೂಳೆ ವಿಭಾಗದಲ್ಲಿ ತೋರಿಸಿ. ಎಂಆರ್‌ಐ ಬೇಕೋ ಬೇಡವೋ ಅವರು ಹೇಳುತ್ತಾರೆ. ಆಪರೇಷನ್ ಬೇಕಾಗುವುದು ತೀರಾ ಕೆಲವರಿಗೆ, ಅದೂ ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ ಮೇಲೂ ಕಾಲು ಕೈಕೊಡುತ್ತಿದ್ದರೆ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ. ಪಾದ ಉರಿದು, ಬಣ್ಣ ಬದಲಾಗಿ, ಬಟ್ಟೆ ತಾಕಿದರೂ ನೋವಾಗುತ್ತಿದ್ದರೆ ಅದನ್ನೂ ಬೇಗ ತೋರಿಸಬೇಕು.

ಮತ್ತೆ ಫಿಸಿಯೋಥೆರಪಿಗೆ ಹೋಗುವುದಾದರೆ ದಿನಾ ಹೋಗಬೇಕಾಗಿಲ್ಲ, ವಾರಕ್ಕೊಮ್ಮೆ ಸಾಕು. ಹೋದ ದಿನ, ಕಾಲಿನ ಸಡಿಲ ಎಷ್ಟಿದೆ ಕೈಯಲ್ಲಿ ಹಿಡಿದು ನೋಡಿ, ಈ ವಾರ ಏನು ಮಾಡಬೇಕು ತೋರಿಸಿಕೊಡಿ, ಮುಂದಿನ ವಾರ ಏನು ಜಾಸ್ತಿ ಮಾಡಬೇಕು ಬರೆದುಕೊಡಿ ಅಂತ ಕೇಳಿ. ಮಷಿನ್ ಆಮೇಲೆ, ಟೈಮಿದ್ದರೆ.